ಕೆಂಪಾಗಿಯೇ ಉಳಿದ ಹೆಸರು

"ಕೈ ತೆಗಿ ಬ್ರಿಡಿ!"

ತೆಗೆಯಲಿಲ್ಲ.

ಸ್ಪ್ಯಾನರ್ ಇಳಿಯಿತು. ಕೀಬೋರ್ಡಿನ ಮೇಲಲ್ಲ... ನನ್ನ ಬಲಗೈ ಮೇಲೆ!

ಎರಡು ಬೆರಳು ಲಟಲಟ ಅಂದವು. ಕಣ್ಣಿಗೆ ಕತ್ತಲೆ ಬಂತು. ಆದರೂ ಕಿರುಚಲಿಲ್ಲ. ಕಿರುಚಿದರೆ ಲೈಲ್ ಕ್ರೊಗನ್‌ಗೆ ಖುಷಿ. ಅವನನ್ನು ಖುಷಿಪಡಿಸುವ ಚಟ ನನಗಿಲ್ಲ.

"ಇನ್ನೂ ಬೆರಳಿದಾವೆ ನಿಂಗೆ," ಅಂದ.

"ಅವು ಸಾಕು," ಅಂದೆ.

ಎಡಗೈಯಲ್ಲಿ ಎಂಟರ್ ಒತ್ತಿದೆ.

ಒಂದು ಕಂಪ್ಯೂಟರಿಗೆ ಯಾಕಿಷ್ಟು ರಂಪ ಅಂತೀರಾ? ಕೇಳಿ.

ಕಾಲ್ಗೂರ್ಲಿ ಅನ್ನುವ ಊರಿನ ಆಚೆ ಒಂದು ಚಿನ್ನದ ಗಣಿ. ನಾನು ಹಿಂದೆ ಪೊಲೀಸು. ಚಿನ್ನ ಕದಿಯುವವರನ್ನು ಹಿಡಿಯುತ್ತಿದ್ದೆ. ಈಗ ಗಣಿಗಳ ಕಂಪ್ಯೂಟರ್ ಕೈಕೊಟ್ಟಾಗ ಸರಿಮಾಡುತ್ತೇನೆ. ಕಳ್ಳರಿಗಿಂತ ಕಂಪ್ಯೂಟರ್ ವಾಸಿ. ಸುಳ್ಳು ಹೇಳಿದರೂ ಮುಖ ನೋಡಿ ಹೇಳುವುದಿಲ್ಲ.

ಅವತ್ತು ಬೆಳಿಗ್ಗೆ ಪರ್ತ್‌ನ ಹೆಡ್ಡಾಫೀಸಿನಿಂದ ಎಲ್ಲ ಕಂಪ್ಯೂಟರಿಗೂ ಸೆಕ್ಯುರಿಟಿ ಅಪ್‌ಡೇಟ್ ಬಂತು. ರೀಸ್ಟಾರ್ಟ್ ಆಯ್ತು. ಕಂಟ್ರೋಲ್ ರೂಮಿನ ಗೋಡೆ ಮೇಲಿದ್ದ ಟ್ಯಾಗ್ ಬೋರ್ಡ್ ಕಪ್ಪಾಯ್ತು!

ಗಣಿಗಿಳಿಯುವ ಪ್ರತಿಯೊಬ್ಬನ ಸೊಂಟದಲ್ಲೂ ಒಂದು ಟ್ಯಾಗ್. ಸುರಂಗದುದ್ದಕ್ಕೂ ಅದನ್ನು ಓದುವ ರೀಡರುಗಳು. ಕೆಳಗಿದ್ದರೆ ಬೋರ್ಡಿನಲ್ಲಿ ಅವನ ಹೆಸರು ಕೆಂಪು. ಮೇಲೆ ಬಂದರೆ ಹಸಿರು. ಎಲ್ಲ ಹೆಸರೂ ಹಸಿರಾಗದೆ ಸಿಡಿಮದ್ದು ಸಿಡಿಸುವ ಹಾಗಿಲ್ಲ.

ಮಧ್ಯಾಹ್ನ ನನ್ನನ್ನು ಕರೆಸಿದರು. ರೀಸ್ಟಾರ್ಟ್ ಮಾಡಿದೆ. ಕಪ್ಪು. ಪ್ರೋಗ್ರಾಮನ್ನೇ ಮತ್ತೆ ಹಾಕಿದೆ. ಕಪ್ಪು. ಕೊನೆಗೆ ಸಿಕ್ಕಿತು... ರೀಡರುಗಳನ್ನು ಕಂಪ್ಯೂಟರಿಗೆ ಜೋಡಿಸುವ ಡ್ರೈವರ್ ಪ್ರೋಗ್ರಾಮು ಓಬೀರಾಯನ ಕಾಲದ್ದು. ಹೊಸ ಅಪ್‌ಡೇಟ್ ಅದನ್ನು ಕಳ್ಳ ಅಂದುಕೊಂಡು ಬಾಗಿಲು ಹಾಕಿಬಿಟ್ಟಿತ್ತು!

"ಅಪ್‌ಡೇಟ್ ತೆಗೀಬೇಕು. ಇನ್ನೊಂದು ಸಲ ರೀಸ್ಟಾರ್ಟ್. ಅಷ್ಟೇ," ಅಂದೆ.

"ಬೇಡ," ಅಂದ ಫೋರ್‌ಮನ್ ಲೈಲ್. "ಎಲ್ಲರೂ ಮೇಲೆ ಬಂದಿದಾರೆ. ನಾನೇ ತಲೆ ಎಣಿಸಿದೀನಿ. ಸಿಡಿಸೋಣ."

ಕೆಲಸ ನಿಂತರೆ ಫೋರ್‌ಮನ್‌ಗಳು ಕಾಲು ಚಾಚಿ ಕೂರುತ್ತಾರೆ. ಇವನು ಏಸಿ ರೂಮಿನಲ್ಲಿ ಬೆವರುತ್ತಿದ್ದ.

ಸಿಡಿಸಲು ಎರಡು ಕೀಲಿ ಬೇಕು. ಒಂದು ಲೈಲ್ ಹತ್ತಿರ. ಇನ್ನೊಂದು ಕಂಟ್ರೋಲ್ ರೂಮಿನ ಪೀಟಾ ಹತ್ತಿರ.

"ಕೀಲಿ ಕೊಡೇ."

"ಬೋರ್ಡ್ ಬರ್ಲಿ ಲೈಲ್. ಆಮೇಲೆ ಕೊಡ್ತೀನಿ."

ಅವಳ ಜುಟ್ಟು ಹಿಡಿದು ತಿರುವಿದ. ನಾನು ಅಪ್‌ಡೇಟ್ ತೆಗೆಯಲು ಶುರುಮಾಡಿದೆ. ಆಗಲೇ ಸ್ಪ್ಯಾನರ್ ಬಂದದ್ದು.

ಈಗ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿತ್ತು. ಚುಕ್ಕೆಗಳು ಸುತ್ತುತ್ತಿದ್ದವು... ಸುತ್ತುತ್ತಲೇ ಇದ್ದವು.

ಲೈಲ್ ಪ್ಲಗ್ ಕೀಳಲು ಬಗ್ಗಿದ.

ಪೀಟಾಳ ಕೆಟಲ್ ಕುದಿಯುತ್ತಿತ್ತು. ಎತ್ತಿದೆ. ಮುಖಕ್ಕೇ ಸುರಿದೆ!

ಊಳಿಟ್ಟ. ಕುರುಡನ ಹಾಗೆ ತಡಕಾಡಿದ. ಆದರೆ ಪೀಟಾ ಅವನ ಕೈಗೇ ಸಿಕ್ಕಳು. ಮೊಣಕೈಯಲ್ಲಿ ಅವಳ ಮೂಗು ಜಜ್ಜಿ, ಕೀಲಿ ಕಿತ್ತುಕೊಂಡು ಓಡಿದ. ಹೊರಗೆ ಅವನ ಪಿಕಪ್ ಗುಡುಗಿತು.

"ಗಣಿ ಬಾಯಲ್ಲಿ ಇನ್ನೊಂದು ಪ್ಯಾನೆಲ್ ಇದೆ!" ರಕ್ತ ಉಗುಳುತ್ತಾ ಕೂಗಿದಳು ಪೀಟಾ. "ಅಲ್ಲಿಂದ್ಲೂ ಸಿಡಿಸ್ಬೋದು!"

ಗೋಡೆ ಬೆಳಗಿತು.

ಹಸಿರು. ಹಸಿರು. ಹಸಿರು...

ಒಂದು ಕೆಂಪು!

ಟೊಮೊ ಬಾಬಿಚ್.

"ಅಯ್ಯೋ... ಬೆಳಿಗ್ಗೆ ಲೈಲ್ ಜೊತೆನೇ ಇಳಿದಿದ್ದ!"

ಪೀಟಾ ರೇಡಿಯೊದಲ್ಲಿ ಟೊಮೊನನ್ನು ಕೂಗಿದಳು. ಬರೀ ಗೊರಗೊರ.

ನಾನು ಆಗಲೇ ನನ್ನ ಪಿಕಪ್ಪಿನ ಕಡೆ ಓಡುತ್ತಿದ್ದೆ.

ಗೇರಿಗೆ ಎಡಗೈ. ಸ್ಟೀರಿಂಗಿಗೆ ಮುರಿದ ಬಲಗೈ. ಪ್ರತಿ ತಿರುವಿಗೂ ಮೂಳೆ ಮೂಳೆಯನ್ನು ಕಡಿಯುತ್ತಿತ್ತು. ಮುಂದೆ ಕೆಂಪು ಧೂಳು ಬಿಟ್ಟು ಏನೂ ಕಾಣದು. ಧೂಳನ್ನೇ ಹಿಂಬಾಲಿಸಿದೆ.

ಗಣಿಯ ಬಾಯಿ. ಬಂಡೆಗೋಡೆಯ ಪಕ್ಕ ಪ್ಯಾನೆಲ್. ಲೈಲ್ ಮುಖದ ಚರ್ಮ ಜೋತಾಡುತ್ತಿತ್ತು. ಒಂದು ಕೀಲಿ ಒಳಗೆ. ಇನ್ನೊಂದು ಕೈಯಲ್ಲಿ... ಊದಿದ ಕಣ್ಣಿಗೆ ತೂತು ಸಿಗುತ್ತಿಲ್ಲ.

ಗಾಡಿ ನಿಧಾನಿಸಿ, ಕಿಟಕಿಯಿಂದ ತಲೆ ಹೊರಹಾಕಿ ಕೂಗಿದೆ. "ಟೊಮೊ ಕೆಳಗಿದಾನೆ ಲೈಲ್!"

"ಗೊತ್ತು ಕಣೇ! ಮಂಡಿ ಒಡೆದು ಕೂರಿಸಿದ್ದು ನಾನೇ!"

"ಯಾಕೋ?"

"ಇಬ್ರೂ ಸೇರಿ ಚಿನ್ನ ಕದ್ವಿ. ಈಗ ಅವನಿಗೆ ಪಾಪಪ್ರಜ್ಞೆಯಂತೆ! ನಾಳೆ ಪೊಲೀಸರಿಗೆ ಎಲ್ಲಾ ಹೇಳ್ತಾನಂತೆ! ಬೋರ್ಡ್ ಸತ್ತಿತ್ತು... ಯಾರಿಗೂ ಗೊತ್ತಾಗ್ತಿರ್ಲಿಲ್ಲ! ನೀನ್ಯಾಕೆ ಬಂದೆ?"

ಕೀಲಿ ತೂತಿಗೆ ಹೋಯಿತು.

ನಾನು ಬ್ರೇಕ್ ಒತ್ತಲಿಲ್ಲ; ಆಕ್ಸಿಲರೇಟರ್ ತುಳಿದೆ.

ಹಾರಿದ. ಕೀಲಿ ತಿರುಗಿಸುವ ಪುರುಸೊತ್ತು ಸಿಗಲಿಲ್ಲ. ಆದರೆ ಹಾರಿದ್ದು ಬಂಡೆಯ ಕಡೆಗೆ! ನನ್ನ ಪಿಕಪ್ಪಿನ ಮೂತಿ ಅವನ ತೊಡೆಗಳನ್ನು ಬಂಡೆಗೆ ಅಂಟಿಸಿತು. ಆ ಸದ್ದು ನಿಮಗೆ ಬೇಡ.

ಇಳಿದೆ. ಎರಡೂ ಕೀಲಿ ಕಿತ್ತು ಜೇಬಿಗೆ ಹಾಕಿದೆ. ರೇಡಿಯೊದಲ್ಲಿ ಪೀಟಾಗೆ ಹೇಳಿದೆ... ಕೀಲಿ ನನ್ನ ಹತ್ತಿರ, ಟೊಮೊನನ್ನು ತರಲು ಹುಡುಗರನ್ನು ಗಣಿಗೆ ಇಳಿಸು.

"ಹಿಂದೆ ತೆಗಿಯೇ..." ಲೈಲ್ ಗೋಗರೆದ. "ಕಾಲು... ದಮ್ಮಯ್ಯ..."

"ಹಿಂದೆ ತೆಗೆದ್ರೆ ರಕ್ತ ಸುರಿದು ಸಾಯ್ತೀಯ. ಹಾಗೇ ನಿಂತಿರು."

ನಿಜವೋ ಸುಳ್ಳೋ ನನಗೂ ಗೊತ್ತಿರಲಿಲ್ಲ. ಹೇಳುವುದಕ್ಕೆ ಹಿತವಾಗಿತ್ತು.

ಟೊಮೊನನ್ನು ಸ್ಟ್ರೆಚರಿನಲ್ಲಿ ತಂದರು. ಬೂದಿಬಣ್ಣದ ಮುಖ. ಎಡ ಮಂಡಿ ಇರಬೇಕಾದ ಜಾಗದಲ್ಲಿ ಬಟ್ಟೆಯ ಗಂಟು. ಅವನ ರೇಡಿಯೊವನ್ನೂ ಲೈಲ್ ಕಲ್ಲಿನಲ್ಲಿ ಜಜ್ಜಿದ್ದನಂತೆ.

"ನಿಲ್ಸಿ," ಅಂದ ಟೊಮೊ.

ಲೈಲ್ ಎದುರಿಗೆ ನಿಲ್ಲಿಸಿದರು.

"ಟೊಮೊ... ನೀರು ಕೊಡೋ..."

ಟೊಮೊ ಪಕ್ಕದವನ ಬಾಟಲಿಗೆ ಕೈ ಚಾಚಿದ. ಎತ್ತಿದ. ಲೈಲ್‌ನ ಕಣ್ಣಲ್ಲಿ ಕಣ್ಣಿಟ್ಟು ಕೊನೆಯ ಹನಿವರೆಗೂ ತಾನೇ ಕುಡಿದ. ಖಾಲಿ ಬಾಟಲಿಯನ್ನು ಪಿಕಪ್ಪಿನ ಬಾನೆಟ್ ಮೇಲೆ ಇಟ್ಟ.

"ಹೋಗೋಣ," ಅಂದ.

ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆ ಲೈಲ್ ಅಳಲು ಶುರುಮಾಡಿದ. ಯಾರೂ ತಿರುಗಿ ನೋಡಲಿಲ್ಲ.

ಆಸ್ಪತ್ರೆಗೆ ಫೋನ್ ಮಾಡಿದೆ. ಆ ಕಡೆ ಒಬ್ಬ ಹೆಂಗಸು.

"ಇಬ್ಬರು ಗಾಯಾಳುಗಳಾ? ಎರಡೂ ಆಂಬ್ಯುಲೆನ್ಸ್ ಈಗ್ಲೇ ಕಳಿಸ್ಲಾ?"

ಬಂಡೆಯ ಕಡೆ ನೋಡಿದೆ. ಲೈಲ್‌ಗೆ ಇನ್ನೂ ಪ್ರಜ್ಞೆ ಇತ್ತು.

"ಒಂದನ್ನ ಈಗ್ಲೇ ಕಳಿಸಿ," ಅಂದೆ. "ಇನ್ನೊಂದರ ಡ್ರೈವರ್ ಊಟ ಮುಗಿಸ್ಕೊಂಡೇ ಬರ್ಲಿ."