ಅಣ್ಣನ ನೂರು ವ್ಯಾಟ್

ಏಳನೇ ತರಗತಿಗೇ ಶಾಲೆ ಬಿಟ್ಟ ನನಗೆ ವ್ಯಾಟ್ ಲೆಕ್ಕ ಕಲಿಸಿದ್ದು ಅಣ್ಣ. ಹಿಂದಿನ ಕೋಣೆಯಲ್ಲಿ ಅವನು ಕ್ರಿಪ್ಟೋ ಗಣಿಗಾರಿಕೆಯ, ಅಂದರೆ ಹಗಲೂ ರಾತ್ರಿ ಓಡಿ ಡಿಜಿಟಲ್ ನಾಣ್ಯ ಗಳಿಸುವ, ಎರಡು ಯಂತ್ರ ಓಡಿಸುತ್ತಿದ್ದ.

"ಯಂತ್ರ ಸಾವಿರ ವ್ಯಾಟ್ ಎಳೆದ್ರೆ ಸಾವಿರದ ಮುನ್ನೂರರ ಪವರ್ ಸಪ್ಲೈ ತಗೋಬೇಕು ಪುಟ್ಟಿ. ಅದಕ್ಕೂ ಉಸಿರಾಡೋಕೆ ಜಾಗ ಬೇಡ್ವಾ?" ಎನ್ನುತ್ತಿದ್ದ. "ಪಕ್ಕದಲ್ಲಿ ಕೂತಿರೋ ನನ್ನನ್ನೂ ಸೇರಿಸ್ಕೋ. ಮನುಷ್ಯನ ಮೈಶಾಖವೇ ನೂರು ವ್ಯಾಟ್!"

ಒಮ್ಮೆ ಅವನಿಗೆ ಜ್ವರ ಬಂದಾಗ ಹೊಸ ಪವರ್ ಸಪ್ಲೈ ತರಲು ಅಂಗಡಿಗೆ ನಾನೇ ಹೋದೆ. ಸಾವಿರದ ಮುನ್ನೂರರದ್ದೇ ಬೇಕೆಂದು ಹೇಳಲು ನಾಚಿಕೆಯಾಗಿ, ಅಂಗಡಿಯವರು ಕೊಟ್ಟ ಸಾವಿರದ್ದನ್ನೇ ತಂದೆ.

"ಇರ್ಲಿ ಬಿಡೇ, ಸದ್ಯಕ್ಕೆ ಓಡುತ್ತೆ" ಎಂದು ಅಣ್ಣ ಅದನ್ನೇ ಜೋಡಿಸಿದ. ಒಂಬತ್ತನೇ ದಿನ ಅದು ಹೊತ್ತಿಕೊಂಡಿತು. ಹೊಗೆ ತುಂಬಿದ ಕೋಣೆಯಿಂದ ಅಣ್ಣ ಹೊರಬರಲಿಲ್ಲ.

ಮೂರು ತಿಂಗಳ ಮೇಲೆ, ನನ್ನ ತಪ್ಪು ತಿದ್ದಬೇಕೆನಿಸಿ, ಸಾವಿರದ ಮುನ್ನೂರರದ್ದನ್ನು ಬಾಯಿಬಿಟ್ಟು ಕೇಳಿ ತಂದು, ಉಳಿದಿದ್ದ ಒಂದು ಯಂತ್ರಕ್ಕೆ ಜೋಡಿಸಿದೆ. ನಡುಮಧ್ಯಾಹ್ನ. ಗೋಡೆಯ ಸಾಕೆಟ್‌ಗೆ ಸಿಕ್ಕಿಸಿದ್ದ ವ್ಯಾಟ್ ಮೀಟರ್ ಸಾವಿರದ ಬದಲು ಸಾವಿರದ ನೂರು ತೋರಿಸಿತು. ಬೇರೆ ಮೀಟರ್ ಹಾಕಿದರೂ ಅಷ್ಟೇ.

"ಯಾಕೇ ಹಾಗೆ ನಿಂತ್ಬಿಟ್ಟೆ?" ಬಾಗಿಲಲ್ಲಿದ್ದ ಅಮ್ಮ ಕೇಳಿದಳು.

ನಾನು ಅಣ್ಣನ ಮಸಿ ಹಿಡಿದ ಕುರ್ಚಿಯ ಮೇಲೆ ಕೈಯಿಟ್ಟೆ. ಅಂದಿನಿಂದ ಅದರಲ್ಲಿ ಯಾರೂ ಕೂತಿರಲಿಲ್ಲ. ಅದು ಬೆಚ್ಚಗಿತ್ತು.

ಮೀಟರ್‌ನಿಂದ ಯಂತ್ರದ ಪ್ಲಗ್ ಕಿತ್ತೆ. ಮೀಟರ್ ಇಳಿಯುತ್ತಾ ಬಂದು ನೂರರಲ್ಲಿ ನಿಂತಿತು.