ಬಿಳಿ ಸಿಲಿಂಡರ್

ಶನಿವಾರ ಬೆಳಗ್ಗೆ ಆ ಮನೆಯ ಚರಿತ್ರೆಯಲ್ಲಿ ಹಿಂದೆಂದೂ ನಡೆಯದ ಘಟನೆಯೊಂದು ನಡೆದುಹೋಯಿತು. ತಾತನ ಕಾರು ಹತ್ತುವುದಿಲ್ಲ ಎಂದು ಲಾಯರಮ್ಮ ಗೇಟಿನ ಬಳಿ ನಿಂತುಬಿಟ್ಟಳು.

ಲಾಯರಮ್ಮ ಓದುತ್ತಿದ್ದುದು ಐದನೇ ಕ್ಲಾಸು. ಹಾಲು ಕುಡಿ ಅಂದರೂ "ಯಾಕೆ?" ಎಂದು ಎದುರು ಪ್ರಶ್ನೆ ಹಾಕುತ್ತಿದ್ದುದರಿಂದ ತಾತನೇ ಇಟ್ಟ ಹೆಸರು ಅದು.

"ಹತ್ತಲ್ಲ ಅಂದ್ರೆ ಏನರ್ಥ? ಹೊಟ್ಟೆ ನೋವಾ?" ತಾತ ಸ್ಟೀರಿಂಗ್ ಹಿಡಿದುಕೊಂಡೇ ಕೇಳಿದರು.

"ಅಲ್ಲ. ನಿನ್ನ ಕಾರು ಆಕಾಶಕ್ಕೆ ತೂತು ಮಾಡ್ತಿರಬಹುದು, ತಾತ. ಅದು ಗೊತ್ತಾಗೋ ತನಕ ಹತ್ತಲ್ಲ."

ತಾತನ ಕೈ ಹಾರ್ನಿನ ಮೇಲೆ ಬಿತ್ತು. ಪಕ್ಕದ ಮನೆಯ ಬೆಕ್ಕು ಕಾಂಪೌಂಡು ಹಾರಿ ಓಡಿತು.

"ಏನಂದೆ? ನನ್ನ ಕಾರು? ಆಕಾಶಕ್ಕೆ? ಹಾಗಾದ್ರೆ ರಸ್ತೇಲಿ ಗುಂಡಿ ಬಿದ್ದಿರೋದೂ ನಾನೇ ತೋಡಿದ್ದು ಅಂದುಬಿಡು!"

ಕಾರನ್ನು ಯಾರಾದರೂ ಬೈದರೆ ತಾತನಿಗೆ ತಮ್ಮನ್ನೇ ಬೈದಷ್ಟು ಉರಿ. ಜೀವಮಾನವೆಲ್ಲ ಬಸ್ಸು ಓಡಿಸಿದವರು ರಿಟೈರ್ ಆದ ಮೇಲೆ ಕೊಂಡ ಕಾರು ಅದು. ಕೊಳ್ಳುವಾಗಲೇ ಹಳೆಯದು. ಈಗಂತೂ ಅದರ ವಯಸ್ಸು ಕೇಳುವುದು ಮರ್ಯಾದೆಯಲ್ಲ.

ಗಲಾಟೆ ಶುರುವಾದದ್ದು ಹಿಂದಿನ ದಿನ ಸೈನ್ಸ್ ಪೀರಿಯಡ್‌ನಲ್ಲಿ. ಭೂಮಿಯ ಮೇಲೆ ಓಝೋನ್ ಅನ್ನೋ ಹೊದಿಕೆ ಇದೆ, ಸೂರ್ಯನ ಕೆಟ್ಟ ಕಿರಣಗಳನ್ನು ಅದು ತಡೆಯುತ್ತೆ ಎಂದು ಮಿಸ್ ಹೇಳಿದ್ದರು. ಹಳೇ ಫ್ರಿಜ್ಜು, ಹಳೇ ಕಾರಿನ ಎಸಿಗಳಲ್ಲಿದ್ದ ಒಂದು ಗ್ಯಾಸು ಮೇಲೆ ಹೋಗಿ ಅದನ್ನು ತೆಳ್ಳಗೆ ಮಾಡಿತ್ತಂತೆ. ಆಮೇಲೆ ದೇಶದೇಶಗಳೆಲ್ಲ ಸೇರಿ ಆ ಗ್ಯಾಸು ತಯಾರಿಸೋದನ್ನೇ ನಿಲ್ಲಿಸಿದವಂತೆ.

ಆಗಲೇ ಹಿಂದಿನ ಬೆಂಚಿನಿಂದ ರೇಡಿಯೊ ಕೂಗಿದ್ದ. ಸ್ವಿಚ್ ಇಲ್ಲದ ರೇಡಿಯೊ ಅವನು, ಆಫ್ ಮಾಡಲು ಬರುವುದಿಲ್ಲ.

"ಮಿಸ್! ಇವಳ ತಾತನ ಕಾರು ಡೈನೋಸಾರ್ ಕಾಲದ್ದು! ಅದೇ ತೂತು ಮಾಡಿರೋದು!"

ಕ್ಲಾಸು ಗೊಳ್ಳೆಂದಿತು. ಲಾಯರಮ್ಮ ಎದ್ದು ನಿಂತಳು. "ನಮ್ಮ ಕಾರಲ್ಲಿರೋದು ಹೊಸ ಗ್ಯಾಸು!"

"ನಿಂಗೆ ಹೇಗೆ ಗೊತ್ತು?"

"ಗೊತ್ತು."

ಗೊತ್ತಿರಲಿಲ್ಲ. ಮಿಸ್‌ಗೂ ಅದು ಗೊತ್ತಾಯಿತೇನೋ. "ಸರಿ, ಸೋಮವಾರ ಬಂದು ಹೇಳು. ಹೇಗೆ ಕಂಡುಹಿಡಿದೆ ಅನ್ನೋದನ್ನೂ ಹೇಳಬೇಕು" ಎಂದಿದ್ದರು.

ಪುಣ್ಯಕ್ಕೆ ಆ ಬೇಸಿಗೆ ಕಾರಿನ ಎಸಿ ಬಿಸಿ ಗಾಳಿ ಉಗುಳುತ್ತಿತ್ತು. ಪ್ರತಿವರ್ಷ ಗ್ಯಾಸು ತುಂಬಿಸುತ್ತಿದ್ದ ತಾತನ ಗೆಳೆಯ, ಫಿಟರ್ ಮಾಮ, ಅಂಗಡಿಗೆ ಬೀಗ ಹಾಕಿ ಮಗನ ಊರಿಗೆ ಹೋಗಿದ್ದರು. ಹಾಗಾಗಿ ತಾತ ಬೇರೆ ದಾರಿಯಿಲ್ಲದೆ ಸ್ವಂತ ಮಗಳ ವರ್ಕ್‌ಶಾಪಿಗೆ ಹೊರಟಿದ್ದರು. ಲಾಯರಮ್ಮನ ಅತ್ತೆ ರಸ್ತೆಯ ಕೊನೆಯಲ್ಲಿ ಕಾರಿನ ಎಸಿ ರಿಪೇರಿ ಮಾಡುತ್ತಿದ್ದಳು. ಊರವರ ಕಾರುಗಳೆಲ್ಲ ಅವಳ ಕೈಗೆ ಬರುತ್ತಿದ್ದವು, ಅಪ್ಪನದೊಂದು ಬಿಟ್ಟು.

ಕಾರು ನಡೆಯುವ ವೇಗದಲ್ಲಿ ಹೊರಟಿತು. ಪಕ್ಕದಲ್ಲಿ ಲಾಯರಮ್ಮ ನಡೆದಳು. ಕಿಟಕಿಯಿಂದ ತಾತ, ರಸ್ತೆಯಿಂದ ಮೊಮ್ಮಗಳು ಜಗಳವಾಡುತ್ತಾ ಹೋಗುವುದನ್ನು ನೋಡಿ ಸೈಕಲ್ಲಿನವನೊಬ್ಬ ಕಂಬಕ್ಕೆ ಗುದ್ದಿಕೊಂಡ.

"ಅಂತೂ ಬಂದ್ಯಲ್ಲಪ್ಪ" ಎಂದಳು ಅತ್ತೆ, ಕೈ ಒರೆಸಿಕೊಳ್ಳುತ್ತಾ. ವಿಷಯ ಕೇಳಿ ನಗಲಿಲ್ಲ. ಬಾನೆಟ್ ಎತ್ತಿದಳು.

"ಮೊದಲು ಸ್ಟಿಕ್ಕರ್ ನೋಡಬೇಕು. ಯಾವ ಗ್ಯಾಸು ಅಂತ ಅದರಲ್ಲೇ ಬರೆದಿರ್ತಾರೆ."

ಸ್ಟಿಕ್ಕರ್ ಇತ್ತು. ಎಂಜಿನ್ನಿನ ಬಿಸಿಗೆ ಬೆಂದು, ಆಯಿಲ್ ಕುಡಿದು ಕಂದಾಗಿತ್ತು. ಲಾಯರಮ್ಮ ಮೂಗು ತಾಗಿಸಿ ಓದಿದಳು. 'ಎಚ್ಚರಿಕೆ' ಎನ್ನುವುದೊಂದೇ ಉಳಿದಿತ್ತು. ಯಾತಕ್ಕೆ ಎಚ್ಚರಿಕೆ ಎನ್ನುವುದು ಅಳಿಸಿಹೋಗಿತ್ತು.

"ಪರವಾಗಿಲ್ಲ, ಬಾಯಿ ನೋಡೋಣ" ಎಂದು ಅತ್ತೆ ಎಸಿ ಪೈಪಿನ ಮೇಲಿದ್ದ ಸಣ್ಣ ಮುಚ್ಚಳ ತಿರುಗಿಸಿ ತೆಗೆದಳು. "ಗ್ಯಾಸು ತುಂಬಿಸೋ ಬಾಯಿ ಇದು. ಹೊಸ ಗ್ಯಾಸಿಂದಾದ್ರೆ ನುಣ್ಣಗಿರುತ್ತೆ, ಪೈಪು ಒತ್ತಿದ್ರೆ ಟಕ್ಕಂತ ಕೂರುತ್ತೆ. ಹಳೇದಕ್ಕೆ ಬಾಟ್ಲಿ ಬಾಯಿ ಥರ ತಿರುಪಿನ ಸುತ್ತು ಇರುತ್ತೆ, ತಿರುಗಿಸಿ ಕೂರಿಸಬೇಕು. ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ತಪ್ಪು ಗ್ಯಾಸು ಹಾಕಬಾರದು ಅಂತಲೇ ಹಾಗೆ ಮಾಡಿರೋದು."

ಹೊಸ ಪೈಪನ್ನು ಒತ್ತಿದಳು. ಟಕ್ ಎನ್ನಲಿಲ್ಲ. ಇನ್ನೊಮ್ಮೆ ಒತ್ತಿದಳು. ಜಾರಿತು. ಡ್ರಾಯರಿನ ತಳದಿಂದ ಒಂದು ಹಳೇ ಪೈಪು ಹುಡುಕಿ ತಂದು ತಿರುಗಿಸಿದಳು. ಅದು ತನ್ನ ಮನೆಗೇ ಬಂದ ಹಾಗೆ ಸಲೀಸಾಗಿ ಸುತ್ತಿಕೊಂಡು ಕೂತಿತು. ಲಾಯರಮ್ಮ ಒಂದೊಂದು ಸುತ್ತನ್ನೂ ಎಣಿಸಿದಳು.

"ಬಾಯಿ ಹಳೇದಾದ್ರೆ ಏನಾಯ್ತು?" ತಾತ ಬಿಡಲಿಲ್ಲ. "ಅದೇನೋ ಅಡಾಪ್ಟರ್ ಅಂತ ಹಾಕಿ ಹೊಸ ಗ್ಯಾಸೇ ತುಂಬಿಸಿರಬಹುದಲ್ಲ?"

"ಹಾಗೂ ಮಾಡ್ತಾರೆ. ಒಳಗಿರೋದನ್ನೇ ಮೆಷಿನ್ನಿಗೆ ಕೊಟ್ಟು ನೋಡೋಣ." ಅತ್ತೆ ಪೈಪಿನ ತುದಿಯ ಮೀಟರ್ ನೋಡಿದಳು. ಗಾಜಿನ ಮೇಲೆ ಬೆರಳಿನಿಂದ ತಟ್ಟಿದಳು. ಮುಳ್ಳು ಅಲ್ಲಾಡಲಿಲ್ಲ. "ನೋಡೋಕೆ ಏನೂ ಇಲ್ಲ. ಪೂರ್ತಿ ಖಾಲಿ."

ತಾತನಿಗೆ ಲಾಟರಿ ಹೊಡೆದಷ್ಟು ಖುಷಿ. "ಕೇಳಿದ್ಯಾ ಲಾಯರಮ್ಮಾ? ಖಾಲಿ ಲೋಟ ತೋರಿಸಿ ಇದರಲ್ಲಿ ಏನಿತ್ತು ಅಂದ್ರೆ ಯಾರು ಹೇಳ್ತಾರೆ? ಸಾಕ್ಷಿನೇ ಇಲ್ಲ!"

ಅತ್ತೆ ಮೂಲೆಯಲ್ಲಿದ್ದ ಸಿಲಿಂಡರ್ ತೋರಿಸಿದಳು. "ಹೊಸ ಗ್ಯಾಸು ಬರೋದು ಇಂಥ ತಿಳಿ ನೀಲಿ ಸಿಲಿಂಡರಲ್ಲಿ. ಹಳೇದು ಬಿಳೀದರಲ್ಲಿ ಬರ್ತಿತ್ತು, ಕೆಲವರು ಕೂಡಿಟ್ಟಿದ್ದು ಇನ್ನೂ ಇದೆ. ಫಿಟರ್ ಮಾಮ ಯಾವುದರಿಂದ ತುಂಬಿಸ್ತಿದ್ರು?"

"ನೀಲಿ!" ಎಂದರು ತಾತ, ಉತ್ತರ ಗೊತ್ತಿಲ್ಲದೆ ಕೈ ಎತ್ತಿದ ಹುಡುಗನಷ್ಟು ಜೋರಾಗಿ. "ನೀಲಿನೇ. ಅನುಮಾನವೇ ಇಲ್ಲ."

ಲಾಯರಮ್ಮ ನೀಲಿ ಸಿಲಿಂಡರ್ ಕಡೆ ನೋಡಿದಳು. ಹೋದ ಬೇಸಿಗೆಯಲ್ಲಿ ಫಿಟರ್ ಅಂಗಡಿಯಲ್ಲಿ ಅವಳೂ ಇದ್ದಳು. ಗ್ಯಾಸು ಕಾರಿಗೆ ಹೋಗುತ್ತಾ ಹೋಗುತ್ತಾ ಸಿಲಿಂಡರ್ ತಣ್ಣಗಾಗಿ ಮೈತುಂಬ ಮಂಜುಹನಿ ಕೂತಿತ್ತು. ಅದರ ಮೇಲೆ ಬೆರಳಲ್ಲಿ ಎರಡು ಕಣ್ಣು, ಒಂದು ಬಾಯಿ ಬರೆದಿದ್ದಳು. ಚಿತ್ರ ಸರಿಯಾಗಿ ಕಾಣಲಿಲ್ಲ ಎಂದು ಬೇಜಾರಾಗಿತ್ತು. ಯಾಕೆ ಕಾಣಲಿಲ್ಲ ಎನ್ನುವುದೂ ನೆನಪಿತ್ತು.

ಏನೂ ಹೇಳದಿದ್ದರೆ ಆಯಿತು. ಸೋಮವಾರ ರೇಡಿಯೊ ಬಾಯಿ ಮುಚ್ಚುತ್ತಾನೆ. ತಾತ ಮನೆಯವರೆಗೂ ಹಾರ್ನ್ ಹೊಡೆದುಕೊಂಡು ಹೋಗುತ್ತಾರೆ.

"ಬಿಳಿ" ಎಂದಳು.

"ಏನು?"

"ಸಿಲಿಂಡರ್ ಬಿಳಿ ಇತ್ತು, ತಾತ. ನಾನು ಅದರ ಮೇಲೆ ಮುಖ ಬರೆದಿದ್ದೆ, ಬಿಳಿ ಮೇಲೆ ಬಿಳಿ ಮಂಜು, ಕಾಣಲೇ ಇಲ್ಲ."

ತಾತ ಕಣ್ಣು ಬಿಟ್ಟುಕೊಂಡು ನೋಡಿದರು. "ಲಾಯರಮ್ಮಾ, ನೀನು ಯಾರ ಕಡೆ?"

ಅವಳು ಚಪ್ಪಲಿ ನೋಡಿಕೊಂಡಳು.

"ಆಯ್ತಪ್ಪ, ಹಳೇದೇ ಅಂತಿಟ್ಟುಕೊಳ್ಳಿ" ಎಂದರು ತಾತ. "ಖರ್ಚಾಗಿ ಹೋಯ್ತಲ್ಲ, ಇನ್ನೇನು? ಪೆಟ್ರೋಲ್ ಹೇಗೆ ಉರಿದು ಮುಗಿಯುತ್ತೋ ಹಾಗೆ ಇದೂ ಮುಗೀತು. ಅದಕ್ಕೇ ತಾನೆ ವರ್ಷಾ ವರ್ಷ ತುಂಬಿಸ್ತಿದ್ದದ್ದು?"

ಅತ್ತೆಯ ಕೈ ಪೈಪಿನ ಮೇಲೇ ನಿಂತಿತು. "ಅಪ್ಪಾ, ಇದು ಪೆಟ್ರೋಲ್ ಥರ ಖರ್ಚಾಗಲ್ಲ."

"ಅಂದ್ರೆ?"

"ಪೈಪಿನೊಳಗೆ ಸುತ್ತು ಹೊಡೀತಾ ಇರುತ್ತೆ, ಅಷ್ಟೆ. ಒಂದ್ಸಲ ತುಂಬಿಸಿದ್ದು ವರ್ಷಗಟ್ಟಲೆ ಬರಬೇಕು."

"ಮತ್ತೆ ನಾನು ವರ್ಷಾ ವರ್ಷ ತುಂಬಿಸಿದ್ದು?"

"ವರ್ಷಾ ವರ್ಷ ಸೋರಿದ್ದು."

ತಾತ ಅಲ್ಲಿದ್ದ ಹಳೇ ಟೈರಿನ ಮೇಲೆ ಮೆಲ್ಲಗೆ ಕೂತರು.

"ಅತ್ತೆ, ಸೋರಿದ್ದೆಲ್ಲ ಎಲ್ಲಿ ಹೋಯ್ತು?" ಲಾಯರಮ್ಮ ಕೇಳಿದಳು. ಕೇಳುತ್ತಿರುವಾಗಲೇ ಉತ್ತರ ಗೊತ್ತಾಗಿ ಅವಳ ಬಾಯಿ ಹಾಗೇ ತೆರೆದುಕೊಂಡಿತು.

ಮೂವರೂ ಬಾಗಿಲಿನಿಂದ ಹೊರಗೆ ನೋಡಿದರು. ಆಕಾಶ ದಿನಾ ಇರುವ ಹಾಗೆಯೇ ಇತ್ತು. ಎಲ್ಲೂ ಹರಿದಿರಲಿಲ್ಲ, ಹೊಲಿಗೆಯೂ ಕಾಣಲಿಲ್ಲ.

ಸ್ಕೂಲಿಂದ ಬರುವಾಗ ಸೀಟಿನ ಮೇಲೆ ಬಿದ್ದುಕೊಂಡು "ತಾತ, ಎಸಿ! ಇನ್ನೂ ಜಾಸ್ತಿ!" ಎನ್ನುತ್ತಿದ್ದವಳು ತಾನೇ ಎಂಬುದು ಲಾಯರಮ್ಮನಿಗೆ ನೆನಪಾಯಿತು. ತಾತ ತಮಗೆಂದು ಒಂದು ದಿನವೂ ಎಸಿ ಹಾಕಿಕೊಂಡವರಲ್ಲ.

ತಾತ ಟೈರಿನ ಮೇಲಿಂದ ಎದ್ದರು. "ಹೊಸ ಗ್ಯಾಸಿಗೆ ಬದಲಾಯಿಸೋಕಾಗುತ್ತಾ?"

"ಆಗುತ್ತೆ. ಮೊದಲು ಸೋರೋ ಜಾಗ ಹುಡುಕಿ ಸರಿ ಮಾಡಬೇಕು. ಬಾಯಿ, ಆಯಿಲ್, ಒಂದಷ್ಟು ಸಾಮಾನು ಬದಲಾಯಿಸಬೇಕು. ಇಷ್ಟು ಹಳೇ ಕಾರಿಂದು ಸಿಗೋದು ತಡ. ಈ ಬೇಸಿಗೆ ಕಳೆದುಹೋಗುತ್ತೆ."

"ಕಳೀಲಿ."

ತಾತ ಕಾರಲ್ಲಿ ಕೂತರು. ಪಕ್ಕದ ಬಾಗಿಲು ತೆರೆದ ಸದ್ದಿಗೆ ತಿರುಗಿ ನೋಡಿದರು. ಲಾಯರಮ್ಮ ಹತ್ತಿ ಕೂತಿದ್ದಳು.

"ಹತ್ತಲ್ಲ ಅಂದಿದ್ದೆ?"

"ಗೊತ್ತಾಗೋ ತನಕ ಅಂದಿದ್ದೆ."

ಅಭ್ಯಾಸಬಲದಿಂದ ಅವಳ ಕೈ ಎಸಿ ಬಟನ್ನಿನ ಕಡೆ ಹೋಯಿತು. ಅರ್ಧದಲ್ಲೇ ನಿಂತು, ಕಿಟಕಿಯ ಹಿಡಿ ಹಿಡಿದು ತಿರುಗಿಸತೊಡಗಿತು.

ಸೋಮವಾರ ಮಿಸ್ ಕೇಳುವ ಮೊದಲೇ ಲಾಯರಮ್ಮ ಎದ್ದು ನಿಂತು ಬಾಯಿಯ ವಿಷಯ, ಬಿಳಿ ಸಿಲಿಂಡರಿನ ವಿಷಯ ಎಲ್ಲ ಹೇಳಿದಳು. "ಹಳೇ ಗ್ಯಾಸೇ ಇತ್ತು, ಮಿಸ್. ಈಗ ಇಲ್ಲ."

"ಈಗ ಎಲ್ಲಿದೆ?" ಎಂದ ರೇಡಿಯೊ.

ಲಾಯರಮ್ಮ ಕಿಟಕಿಯಾಚೆ, ಮೇಲೆ ನೋಡಿದಳು. ರೇಡಿಯೊ ಕೂಡ ಅತ್ತ ನೋಡಿದ. ಆಮೇಲೆ ಪೀರಿಯಡ್ ಮುಗಿಯುವವರೆಗೆ ಅವನು ಮಾತಾಡಲಿಲ್ಲ.

ಆ ಬೇಸಿಗೆಯೆಲ್ಲ ತಾತನ ಕಾರು ನಾಲ್ಕೂ ಕಿಟಕಿ ಇಳಿಸಿಕೊಂಡು ಓಡಿತು.