ಗೊರ್ಗೊರ್ ಕಟ್ಟಿದ ಕ್ರೇನು

ಸೋಮವಾರ ಬೆಳಿಗ್ಗೆ ಎಂಟಕ್ಕೆ ಕೊಕೊಪೊ ಪಟ್ಟಣದ ಪೊಲೀಸ್ ಠಾಣೆಗೆ ದೂರು ಬಂತು. ವುನಪಾಲ್ ಹೊಳೆಯ ಸೇತುವೆ ಕಟ್ಟುವಲ್ಲಿ ಕ್ರೇನಿನ ಕೀಲಿ ಕಳುವಾಗಿತ್ತು. ಕ್ರೇನಿನ ಬಾಗಿಲಿಗೆ ಯಾರೋ ಗೊರ್ಗೊರ್ ಸೊಪ್ಪು ಕಟ್ಟಿದ್ದರು. ನೆಲದ ಒಡೆಯರು ಅದನ್ನು ಕಟ್ಟಿದರೆ ಕೆಲಸ ನಿಂತಂತೆಯೇ; ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಕೂಲಿಗಳೆಲ್ಲ ಮನೆಗೆ ಹೋಗಿದ್ದರು. ದೂರುದಾರರು ಇಬ್ಬರು: ವಿದೇಶಿ ಕಂಪನಿಯ ಮ್ಯಾನೇಜರ್ ಗ್ರೇವ್ಸ್, ಅವನ ಸ್ಥಳೀಯ ಪಾಲುದಾರ ಟೊಲಿಮಾನ್. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಟೊಮಾರುಮ್ ದೂರುದಾರರೊಡನೆ ಸ್ಥಳಕ್ಕೆ ಹೋಗಿ ಪಂಚನಾಮೆ ಬರೆಸಿದ. ಸೊಪ್ಪನ್ನು ಜಪ್ತಿ ಮಾಡು ಎಂದರೆ ಕಾನ್‌ಸ್ಟೇಬಲ್ ಎರಡು ಹೆಜ್ಜೆ ಹಿಂದೆ ಸರಿದ.

"ನಾ ಮುಟ್ಟಲ್ಲ ಸಾರ್. ಬೇಕಾದ್ರೆ ನೀವೇ ಮುಟ್ಟಿ."

ಟೊಮಾರುಮ್ ಕೂಡ ಮುಟ್ಟಲಿಲ್ಲ. 'ಇದ್ದಲ್ಲೇ ಬಿಡಲಾಗಿದೆ' ಎಂದು ಬರೆಸಿದ.

"ಕ್ರೇನು ನಿಂತಿರೋ ಈ ಮೂರನೇ ಕಂಬದ ನೆಲ ಯಾರದು?" ಎಂದು ಟೊಲಿಮಾನನನ್ನು ಕೇಳಿದ.

"ನಮ್ಮಕ್ಕಂದು."

"ಅಕ್ಕ ತೀರ್ಕೊಂಡ ಮೇಲೆ?"

"ಮಗಳದು. ಇಯಾಪಾಲಂದು."

ಗ್ರೇವ್ಸ್‌ಗೆ ಆ ಹೆಸರು ಗೊತ್ತಿತ್ತು. ಕಾಮಗಾರಿಯ ಅಪಾಯಗಳನ್ನು ನೋಡಿಕೊಳ್ಳಲೆಂದು ಅವನೇ ನೇಮಿಸಿದ್ದ ಎಂಜಿನಿಯರ್ ಅವಳು.

ಇಯಾಪಾಲ ಅಂಗಳದಲ್ಲಿ ಬಾಳೆಕಾಯಿ ಸುಡುತ್ತಿದ್ದಳು. ಪೊಲೀಸರ ಹಿಂದೆ ಮಾವ, ಮ್ಯಾನೇಜರ್ ಇಬ್ಬರೂ ಬಂದದ್ದನ್ನು ಕಂಡರೂ ಏಳಲಿಲ್ಲ.

"ಕೀಲಿ ಎಲ್ಲಿ?"

"ನನ್ನ ಹತ್ರಾನೇ ಇದೆ." ನೂಲಿನ ಚೀಲದಿಂದ ತೆಗೆದು ಕೊಟ್ಟಳು.

"ಯಾಕೆ ತಗೊಂಡೆ?"

"ಮೂರನೇ ಕಂಬದ ಕೆಳಗೆ ಬಂಡೆ ಇಲ್ಲ, ಬರೀ ಜ್ವಾಲಾಮುಖಿಯ ಬೂದಿ. ಮತ್ತೆ ಕೊರೆದು ನೋಡಿ ಅಂದೆ. ಆ ಖರ್ಚು ಗ್ರೇವ್ಸ್ ಸಾಹೇಬರದು ಅಂದ್ರು ಮಾವ. ಮಾವಂದು ಅಂದ್ರು ಇವರು. ನಷ್ಟಾನೆಲ್ಲ ಒಪ್ಪಂದದಲ್ಲಿ ಚೆನ್ನಾಗಿ ಹಂಚ್ಕೊಂಡಿದ್ದೀರಲ್ಲ, ಸೇತುವೆ ಮೇಲೆ ಹೋಗೋರ ಪಾಲಿಗೆ ಏನಿಟ್ಟಿದ್ದೀರಿ?"

ಗ್ರೇವ್ಸ್ ಒಂದು ಹೆಜ್ಜೆ ಮುಂದೆ ಬಂದ.

"ನಿನ್ನ ಕೆಲಸ ಹೋಯ್ತು!"

"ಅಪಾಯ ನೋಡ್ಕೋ ಅಂತ ತಾನೇ ಇಟ್ಕೊಂಡಿದ್ದು? ನೋಡ್ಕೊಂಡೆ."

ಹನ್ನೊಂದೂವರೆಗೆ ಕೀಲಿ ಕದ್ದ ಆರೋಪದ ಮೇಲೆ ಅವಳನ್ನು ದಸ್ತಗಿರಿ ಮಾಡಲಾಯಿತು. ಜೀಪಿಗೆ ತಾನೇ ಹತ್ತಿ ಕುಳಿತಳು.

"ಇನ್ನಾದ್ರೂ ಆ ಸೊಪ್ಪು ಕೀಳಿಸಿ," ಎಂದ ಗ್ರೇವ್ಸ್.

"ಕಟ್ಟಿದವರೇ ಬಿಚ್ಚಬೇಕು," ಎಂದ ಟೊಮಾರುಮ್. "ಕಟ್ಟಿದವಳನ್ನ ನೀವೇ ಹಿಡಿಸಿದ್ದೀರಿ."

"ಯಾವಾಗ ಬಿಚ್ತಾಳಂತೆ?"

ಉತ್ತರ ಜೀಪಿನೊಳಗಿಂದ ಬಂತು. "ನನ್ನ ಕಣ್ಣೆದುರಿಗೆ ಆ ನೆಲ ಕೊರೆದ ದಿನ. ಅಲ್ಲೀವರೆಗೂ ಲಾಕಪ್ಪಲ್ಲೇ ಇರ್ತೀನಿ."

ಸಂಜೆ ಟೊಮಾರುಮ್ ಕಡತದಲ್ಲಿ ಅಪರಾಧದ ಉದ್ದೇಶ ಬರೆದ: ಆರೋಪಿಯ ಊರಿನ ಮಕ್ಕಳಿಗೆ ಶಾಲೆ ಇರುವುದು ಹೊಳೆಯಾಚೆ, ಅವರು ದಾಟಬೇಕಾದದ್ದು ಇದೇ ಸೇತುವೆ. ತನ್ನ ಮಗಳೂ ಆ ಶಾಲೆಗೇ ಹೋಗುತ್ತಾಳೆ ಎಂಬುದನ್ನು ಬರೆಯಲಿಲ್ಲ. ಲಾಕಪ್ಪಿಗೆ ಒಂದು ತಟ್ಟೆ ಊಟ ಕಳಿಸಿ, ಮಣ್ಣು ಕೊರೆಯುವ ಯಂತ್ರ ಎಲ್ಲಿ ಸಿಗುತ್ತದೆಂದು ಗ್ರೇವ್ಸ್ ಠಾಣೆಯ ಜಗಲಿಯಲ್ಲಿ ಫೋನ್ ಮೇಲೆ ಫೋನ್ ಮಾಡುವುದನ್ನು ಕೇಳುತ್ತ ಕುಳಿತ.